ಕಾರಿನಲ್ಲಿ ಸುಟ್ಟ ವಾಸನೆ: ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೇಳುತ್ತವೆ: ಕಾರಿನಲ್ಲಿ ಸುಟ್ಟ ವಾಸನೆ. ಒಬ್ಬರಿಗೆ ಸಿಗ್ನಲ್‌ನಲ್ಲಿ ನಿಂತಾಗ, ಇನ್ನೊಬ್ಬರಿಗೆ ಹೆಡ್‌ಲೈಟ್ ಹಾಕಿದಾಗ, ಮತ್ತೊಬ್ಬರಿಗೆ ಏರು ಹತ್ತಿದ ಮೇಲೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ನಾನು ಗ್ಯಾರೇಜಿಗೆ ಸೇರಿದ್ದು ವೈರಿಂಗ್ ಕೆಲಸ ಕಲಿಯಲು. ಎಂಜಿನ್ ಕೆಲಸ ಆಮೇಲೆ ಕಲಿತದ್ದು. ವೈರಿನ ಮಾತು ಬಂದಾಗ ಸ್ವಲ್ಪ ಜಾಸ್ತಿ ಬರೆದಿದ್ದೇನೆ, ಬೇಕೆಂದೇ. ಪ್ಲಾಸ್ಟಿಕ್ ಅಥವಾ ವೈರ್ ಸುಟ್ಟ ವಾಸನೆ ಬರುತ್ತಿರುವವರು ಮೊದಲು ಎರಡನೇ ಪ್ರಶ್ನೆ ಓದಿ. ಮಿಕ್ಕವರಿಗೆ ಅಷ್ಟು ಅವಸರ ಇಲ್ಲ.

ಪ್ರಶ್ನೆ: ಸರ್, ನಮ್ಮ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷ. ಓಡುವಾಗ ಏನೂ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಎಸಿ ವೆಂಟ್‌ನಿಂದ ಸುಟ್ಟ ಎಣ್ಣೆಯಂಥ ವಾಸನೆ ಬರುತ್ತದೆ. ಮನೆಗೆ ಬಂದು ನಿಲ್ಲಿಸಿದ ಮೇಲೂ ಬಾನೆಟ್ ಹತ್ತಿರ ಅದೇ ವಾಸನೆ. ಎರಡು ಕಡೆ ತೋರಿಸಿದೆವು. ‘ಏನೂ ಕಾಣುತ್ತಿಲ್ಲ, ಗಾಡಿಗೆ ವಯಸ್ಸಾಯಿತು’ ಎಂದರು. ಆಯಿಲ್ ಮಟ್ಟ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದೆ. ಆದರೆ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಏನಿರಬಹುದು?

ಉತ್ತರ: ವಯಸ್ಸಾಯಿತು ಎನ್ನುವುದು ಉತ್ತರ ಅಲ್ಲ. ಹಳೆಯ ಎಂಜಿನ್ ಎಂದ ಮಾತ್ರಕ್ಕೆ ಸುಟ್ಟ ವಾಸನೆ ಬರಬೇಕೆಂದೇನೂ ಇಲ್ಲ. ನಿಮ್ಮ ಪತ್ರದ ಎರಡು ಮಾತುಗಳು ನನ್ನ ಕೆಲಸ ಸುಲಭ ಮಾಡಿವೆ. ಒಂದು, ವಾಸನೆ ನಿಂತಾಗ ಮಾತ್ರ ಬರುತ್ತದೆ. ಇನ್ನೊಂದು, ಆಯಿಲ್ ಕಡಿಮೆಯಾಗುತ್ತಿದ್ದರೂ ನೆಲಕ್ಕೆ ಬೀಳುತ್ತಿಲ್ಲ.

ಕಾರು ಓಡುವಾಗ ಎಂಜಿನ್ ಸುತ್ತಲಿನ ಗಾಳಿ ಕೆಳಗಿನಿಂದ ಹಿಂದಕ್ಕೆ ಹೋಗಿಬಿಡುತ್ತದೆ. ನಿಂತ ಕೂಡಲೇ ಬಿಸಿ ಗಾಳಿ ಮೇಲಕ್ಕೆ ಏಳುತ್ತದೆ. ಕಾರಿನೊಳಕ್ಕೆ ಹೊರಗಿನ ಗಾಳಿ ಎಳೆದುಕೊಳ್ಳುವ ಜಾಗ ಇರುವುದು ಮುಂದಿನ ಗಾಜಿನ ಬುಡದಲ್ಲಿ, ಅಂದರೆ ಬಾನೆಟ್‌ನ ಹಿಂದಿನ ಅಂಚಿನಲ್ಲಿ. ಅಲ್ಲಿಂದ ವಾಸನೆ ಒಳಗೆ ಬರುತ್ತದೆ. ಇನ್ನು ಆಯಿಲ್ ನೆಲಕ್ಕೆ ಬೀಳದಿರುವುದು ಯಾಕೆಂದರೆ, ಅದು ದಾರಿಯಲ್ಲೇ, ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದು ಉರಿದುಹೋಗುತ್ತಿದೆ. ಎಂಜಿನ್ ಮೇಲೆ ಭಾರ ಬಿದ್ದಾಗ ಮ್ಯಾನಿಫೋಲ್ಡ್ 400 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಒಂದು ಹನಿ ಹೊಗೆಯಾಗಲು ಎಷ್ಟು ಹೊತ್ತು ಬೇಕು?

ನನ್ನ ಅನುಮಾನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಮೇಲೆ. ಎಂಜಿನ್ ತಲೆಯ ಮೇಲಿರುವ ಮುಚ್ಚಳದ ಸುತ್ತ ಕೂರುವ ರಬ್ಬರ್ ಅದು. ವರ್ಷಗಟ್ಟಲೆ ಬಿಸಿ ಉಂಡು ಗಟ್ಟಿಯಾಗುತ್ತದೆ, ಹಿಡಿತ ಬಿಡುತ್ತದೆ. ಮುಂದಿನ ಬದಿಯಲ್ಲಿ ಸೋರಿದರೆ ಯಾರಿಗಾದರೂ ಕಾಣುತ್ತದೆ. ಹಿಂಬದಿಯಲ್ಲಿ, ಕಾರಿನ ಒಳಗೋಡೆಯ ಕಡೆಗೆ ಸೋರಿದರೆ ಬಾನೆಟ್ ಎತ್ತಿ ಮುಂದೆ ನಿಂತವರಿಗೆ ಕಾಣುವುದೇ ಇಲ್ಲ. ನಿಮ್ಮ ಕಾರನ್ನು ನೋಡಿದವರಿಗೆ ‘ಏನೂ ಕಾಣದ’ ಕಾರಣ ಇದೇ ಇರಬಹುದು.

ಮನೆಯಲ್ಲೇ ನೀವು ನೋಡಬಹುದಾದದ್ದು ಇಷ್ಟಿದೆ. ಸಿಗ್ನಲ್‌ನಲ್ಲಿ ವಾಸನೆ ಬಂದಾಗ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ. ಸ್ವಲ್ಪ ಹೊತ್ತಿಗೆ ವಾಸನೆ ಕಡಿಮೆಯಾದರೆ ಅದು ಎಂಜಿನ್ ಕಡೆಯಿಂದ ಬರುತ್ತಿದೆ. ಕಡಿಮೆಯಾಗದಿದ್ದರೆ ಡ್ಯಾಶ್‌ಬೋರ್ಡ್ ಒಳಗೆ ಹುಡುಕಬೇಕು. ಆಮೇಲೆ ಎಂಜಿನ್ ಪೂರ್ತಿ ತಣ್ಣಗಾದಾಗ ಮೊಬೈಲಿನ ಟಾರ್ಚ್ ಹಾಕಿ, ವಿಡಿಯೊ ಆನ್ ಮಾಡಿ, ಎಂಜಿನ್‌ನ ಹಿಂಬದಿಗೆ ಫೋನ್ ಇಳಿಸಿ. ಕಣ್ಣು ಹೋಗದ ಜಾಗಕ್ಕೆ ಫೋನ್ ಹೋಗುತ್ತದೆ. ಮುಚ್ಚಳದ ಅಂಚಿನಿಂದ ಕೆಳಕ್ಕೆ ಕಪ್ಪಗೆ, ಒದ್ದೆಯಾಗಿ, ಧೂಳು ಅಂಟಿಕೊಂಡ ಗೆರೆ ಕಂಡರೆ ಸೋರುವ ಜಾಗ ಸಿಕ್ಕಿತು. ಎಲ್ಲ ಕಡೆ ಜಿಡ್ಡು ಹರಡಿ ಗೊತ್ತಾಗದಿದ್ದರೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೆಲವು ದಿನ ಓಡಿಸಿ, ಮತ್ತೆ ನೋಡಿ. ಹೊಸದಾಗಿ ಒದ್ದೆಯಾದ ಜಾಗದಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅದೇ ಮೂಲ. ಆಯಿಲ್ ಕೆಳಕ್ಕೆ ಹರಿಯುತ್ತದೆ, ಅದಕ್ಕೇ ಯಾವಾಗಲೂ ಮೇಲಿನಿಂದ ಹುಡುಕಬೇಕು.

ಪ್ಯಾಕಿಂಗ್ ಬದಲಿಸುವುದು ದೊಡ್ಡ ಕೆಲಸವಲ್ಲ. ಆದರೆ ಅಲ್ಲಿ ಅವಸರ ಮಾಡುವವರನ್ನು ತುಂಬ ನೋಡಿದ್ದೇನೆ. ಹಳೆಯ ಪ್ಯಾಕಿಂಗ್‌ನ ಚೂರು ಒಂದಿಷ್ಟೂ ಉಳಿಯದಂತೆ ಅಂಚು ಒರೆಸಬೇಕು. ಸೀಲೆಂಟ್ ಹಚ್ಚುವುದು ಕಂಪನಿಯವರು ಹೇಳಿದ ಮೂಲೆಗಳಲ್ಲಿ ಮಾತ್ರ, ಸುತ್ತಲೂ ಅಲ್ಲ. ಬೋಲ್ಟುಗಳು ಸಣ್ಣವು. ಟಾರ್ಕ್ ರೆಂಚ್ ಇಟ್ಟು ಹೇಳಿದ ಅಳತೆಗೆ ಬಿಗಿಯಬೇಕು. ಬಲ ಹಾಕಿ ಬಿಗಿದರೆ ಮುಚ್ಚಳ ಸೊಟ್ಟಗಾಗಿ ಹೊಸ ಪ್ಯಾಕಿಂಗ್ ಕೂಡ ಸೋರುತ್ತದೆ.

ಇನ್ನೊಂದು ವಿಷಯವನ್ನು ಮೆಕ್ಯಾನಿಕ್‌ಗೆ ನೀವೇ ನೆನಪಿಸಿ: ಪಿಸಿವಿ ವಾಲ್ವ್. ಎಂಜಿನ್ ಒಳಗೆ ಸೇರುವ ಗಾಳಿಯ ಒತ್ತಡವನ್ನು ಹೊರಗೆ ಬಿಡುವ ದಾರಿ ಅದು. ಮಸಿ ಕಟ್ಟಿ ಮುಚ್ಚಿಹೋದರೆ ಒತ್ತಡ ಪ್ಯಾಕಿಂಗ್‌ಗಳನ್ನೇ ತಳ್ಳುತ್ತದೆ. ಪ್ಯಾಕಿಂಗ್ ಮಾತ್ರ ಬದಲಿಸಿ ಇದನ್ನು ಬಿಟ್ಟರೆ ಕೆಲವು ತಿಂಗಳಲ್ಲಿ ಮತ್ತೆ ಅದೇ ವಾಸನೆ. ‘ಹೋದ ವರ್ಷ ತಾನೇ ಹಾಕಿಸಿದ್ದು’ ಎಂದು ಬರುವ ಕಾರುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಟ್ಯಾಪೆಟ್ ಕವರ್ ಒಣಗಿದ್ದರೆ ಆಯಿಲ್ ಫಿಲ್ಟರ್ ಕಡೆ ನೋಡಿ. ಹಳೆಯ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಎರಡು ರಿಂಗ್ ಆಗಿ ಸೋರುತ್ತದೆ. ಆಯಿಲ್ ಬದಲಿಸಿದ ದಿನವೇ ವಾಸನೆ ಶುರುವಾದವರು ಇದನ್ನು ನೋಡಲೇಬೇಕು. ಸುರಿಯುವಾಗ ಚೆಲ್ಲಿದ್ದ ಆಯಿಲ್ ಮಾತ್ರವಾಗಿದ್ದರೆ ಕೆಲವು ದಿನ ಓಡಿಸುವಷ್ಟರಲ್ಲಿ ವಾಸನೆ ತಾನೇ ಹೋಗುತ್ತದೆ.

ರಿಪೇರಿ ಆಗುವ ತನಕ ವಾರಕ್ಕೊಮ್ಮೆಯಾದರೂ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ನೋಡುತ್ತಿರಿ. ಬಾನೆಟ್‌ನಿಂದ ಹೊಗೆ ಕಂಡರೆ ಮಾತ್ರ ಓಡಿಸಬೇಡಿ.

ಪ್ರಶ್ನೆ: ಬೆಳಕು ಸಾಲದು ಎಂದು ಹೆಡ್‌ಲೈಟ್‌ಗೆ 100/90 ವ್ಯಾಟ್ ಬಲ್ಬ್ ಹಾಕಿಸಿದ್ದೆ. ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಗೆಳೆಯರೊಬ್ಬರು ದೊಡ್ಡ ಫ್ಯೂಸ್ ಹಾಕಿಕೊಟ್ಟರು. ಈಗ ಫ್ಯೂಸ್ ಹೋಗುವುದಿಲ್ಲ. ಆದರೆ ರಾತ್ರಿ ಅರ್ಧ ಗಂಟೆ ಓಡಿಸಿದರೆ ಸ್ಟೇರಿಂಗ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಹೀಗೇ ಓಡಿಸಬಹುದಾ ಸರ್?

ಉತ್ತರ: ಖಂಡಿತ ಬೇಡ. ಇದನ್ನು ಓದಿದ ಕೂಡಲೇ ಆ ದೊಡ್ಡ ಫ್ಯೂಸ್ ತೆಗೆಯಿರಿ. ಹಳೆಯ ಬಲ್ಬ್ ಹಾಕಿಸಿ, ವೈರಿಂಗ್ ಪರೀಕ್ಷೆ ಮಾಡಿಸುವ ತನಕ ರಾತ್ರಿ ಕಾರು ತೆಗೆಯಬೇಡಿ.

ಯಾಕೆಂದು ಹೇಳುತ್ತೇನೆ. ಇಂಥ ಹೆಡ್‌ಲೈಟ್‌ಗೆ ಸಾಮಾನ್ಯವಾಗಿ ಬರುವ ಬಲ್ಬ್ 60/55 ವ್ಯಾಟ್, ಅಂದರೆ ಹೈ ಬೀಮ್‌ಗೆ 60, ಲೋ ಬೀಮ್‌ಗೆ 55. ಬ್ಯಾಟರಿ 12 ವೋಲ್ಟ್. 60 ಅನ್ನು 12ರಿಂದ ಭಾಗಿಸಿ, 5 ಆಂಪಿಯರ್. ಎರಡು ಬಲ್ಬ್‌ಗೆ 10. ನಿಮ್ಮದು 100 ವ್ಯಾಟ್, ಒಂದಕ್ಕೆ 8 ಆಂಪಿಯರ್‌ಗಿಂತ ಜಾಸ್ತಿ, ಎರಡಕ್ಕೆ ಹತ್ತಿರ ಹತ್ತಿರ 17. ಕರೆಂಟ್ ಒಂದೂಮುಕ್ಕಾಲು ಪಟ್ಟು ಆಗಲಿಲ್ಲ, ಏನು ಮಹಾ ಎನ್ನಿಸಬಹುದು. ಆದರೆ ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಷ್ಟು ಏರುತ್ತದೆ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಮೂರು ಪಟ್ಟು ಬಿಸಿ. ನಿಮ್ಮ ಕಾರಿನಲ್ಲಿ ಈ ಕರೆಂಟ್ ಸ್ಟೇರಿಂಗ್ ಪಕ್ಕದ ಸ್ವಿಚ್ ಮೂಲಕವೇ ಹರಿಯುತ್ತಿರಬೇಕು, ವಾಸನೆ ಅಲ್ಲೇ ಬರುತ್ತಿದೆಯಲ್ಲ. ಅಷ್ಟು ಬಿಸಿ ತಡೆಯಲು ಆ ಸ್ವಿಚ್ಚನ್ನು ಮಾಡಿಲ್ಲ.

ಫ್ಯೂಸ್ ಇರುವುದು ಬಲ್ಬ್ ಕಾಯಲು ಅಲ್ಲ, ವೈರ್ ಕಾಯಲು. ಅದು ಹೋದಾಗಲೆಲ್ಲ ನಿಮ್ಮ ವೈರನ್ನು ಉಳಿಸುತ್ತಿತ್ತು. 10 ಆಂಪಿಯರ್‌ನ ಕೆಂಪು ಫ್ಯೂಸ್ ಇದ್ದ ಕಡೆ 20ರ ಹಳದಿಯೋ 30ರ ಹಸಿರೋ ಹಾಕಿದರೆ, ಫ್ಯೂಸ್ ಕರಗುವ ಮೊದಲು ವೈರಿನ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಆ ವೈರ್ ಒಂದೇ ಇರುವುದಿಲ್ಲ, ಹತ್ತಾರು ವೈರುಗಳ ಜೊತೆ ಕಟ್ಟಾಗಿ ಟೇಪ್ ಸುತ್ತಿಕೊಂಡಿರುತ್ತದೆ. ಒಂದರ ಹೊದಿಕೆ ಕರಗಿ ಪಕ್ಕದ್ದಕ್ಕೆ ತಾಗಿದರೆ ಶಾರ್ಟ್. ಕಾರು ಹೊತ್ತಿಕೊಳ್ಳುವ ದಾರಿಗಳಲ್ಲಿ ಇದೂ ಒಂದು. ನಾನು ಇದನ್ನು ಹೆದರಿಸಲು ಬರೆಯುತ್ತಿಲ್ಲ. ಈ ವಾಸನೆ ಬಂದಾಗ ನಿಮಗಿನ್ನೂ ಸಮಯ ಇದೆ ಎಂದು ಹೇಳಲು ಬರೆಯುತ್ತಿದ್ದೇನೆ.

ಎಲೆಕ್ಟ್ರಿಷಿಯನ್ ಹತ್ತಿರ ಹೋದಾಗ ಬಲ್ಬ್ ಹಿಂದಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್), ಹೆಡ್‌ಲೈಟ್ ಸ್ವಿಚ್, ಫ್ಯೂಸ್ ಕೂರುವ ಜಾಗ ಈ ಮೂರನ್ನೂ ಬಿಚ್ಚಿ ತೋರಿಸಲು ಹೇಳಿ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ, ಪಿನ್ ಕಪ್ಪಾಗಿದೆಯಾ, ವೈರ್ ಮುಟ್ಟಿದರೆ ಕಡ್ಡಿಯಂತೆ ಗಡಸಾಗಿದೆಯಾ ನೋಡಿ. ಗಡಸಾದ ವೈರನ್ನು ಟೇಪ್ ಸುತ್ತಿ ಬಿಡಬಾರದು. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ಅಥವಾ ಇನ್ನೂ ದಪ್ಪದ ವೈರ್ ಜೋಡಿಸಿ, ಹೊಸ ಕಪ್ಲರ್ ಹಾಕಬೇಕು.

ಬೆಳಕು ಸಾಲದೇ ಇದ್ದುದು ನಿಜವೇ ಇರಬಹುದು. ಆದರೆ ಅದಕ್ಕೆ ಮೊದಲ ಮದ್ದು ದೊಡ್ಡ ಬಲ್ಬ್ ಅಲ್ಲ. ಹೆಡ್‌ಲೈಟ್ ಗಾಜು ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಬೆಳಕು ಬೀಳುವ ಎತ್ತರ ಸರಿ ಮಾಡಿಸಿ. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಬಲ್ಬ್ ಹತ್ತಿರ ಎಷ್ಟು ವೋಲ್ಟ್ ಎಂದು ಮೀಟರ್ ಇಟ್ಟು ಅಳೆಯಲು ಹೇಳಿ. ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತಿದ್ದರೆ ತುಕ್ಕು ಹಿಡಿದ ಅರ್ಥಿಂಗ್ ಅಥವಾ ಸೋತ ಸ್ವಿಚ್ ಅದನ್ನು ತಿನ್ನುತ್ತಿದೆ. ಅದನ್ನು ಸರಿಮಾಡಿದರೆ ಹಳೆಯ ಬಲ್ಬೇ ಚೆನ್ನಾಗಿ ಉರಿಯುತ್ತದೆ. ಬೇಕಾದರೆ ರಿಲೇ ಹಾಕಿಸಬಹುದು, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ ಅದು. ಬ್ಯಾಟರಿಯಿಂದ ನೇರ ದಪ್ಪ ವೈರ್, ಬ್ಯಾಟರಿ ಪಕ್ಕದಲ್ಲೇ ಅದಕ್ಕೊಂದು ಫ್ಯೂಸ್. ಆಗ ಸ್ವಿಚ್ ಮೂಲಕ ಹರಿಯುವುದು ರಿಲೇ ಎಳೆಯುವಷ್ಟು ಸಣ್ಣ ಕರೆಂಟ್ ಮಾತ್ರ.

ವೈರ್ ವಾಸನೆ ಬಂದ ಉಳಿದವರಿಗೂ ಒಂದು ಮಾತು. ‘ಫ್ಯೂಸ್ ಸರಿಯಾಗೇ ಇದೆ, ಹಾಗಾದರೆ ವೈರಿಂಗ್ ಅಲ್ಲ’ ಎಂದುಕೊಳ್ಳಬೇಡಿ. ಕಪ್ಲರ್ ಸಡಿಲವಾಗಿದ್ದರೆ ಅಲ್ಲಿ ಮಾತ್ರ ಬಿಸಿಯಾಗುತ್ತದೆ. ಒಟ್ಟು ಕರೆಂಟ್ ಜಾಸ್ತಿ ಆಗಿರುವುದಿಲ್ಲ, ಆದ್ದರಿಂದ ಫ್ಯೂಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಆಮೇಲೆ ಹಾಕಿಸಿದ ಕ್ಯಾಮೆರಾ, ಹಾರ್ನ್, ಮ್ಯೂಸಿಕ್ ಸಿಸ್ಟಮ್ ಇವುಗಳಲ್ಲಿ ವೈರ್ ತಿರುಚಿ ಟೇಪ್ ಸುತ್ತಿದ ಜೋಡಣೆ ಇದ್ದರೆ ನನ್ನ ಕೈ ಮೊದಲು ಹೋಗುವುದು ಅಲ್ಲಿಗೇ.

ಓಡಿಸುವಾಗ ಹೊಗೆಯೇ ಕಂಡರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಬೆಂಕಿ ಇಲ್ಲ, ಬರೀ ವಾಸನೆ ಎಂದಾದರೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ ಬಾನೆಟ್ ಪೂರ್ತಿ ಎತ್ತಬೇಡಿ. ಒಮ್ಮೆಲೇ ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಕೈಯಲ್ಲಿ ಪೌಡರ್ ಸಿಲಿಂಡರ್ ಇದ್ದು ಬೆಂಕಿ ಇನ್ನೂ ಸಣ್ಣದಿದ್ದರೆ ಸಂದಿಯಿಂದಲೇ ಹೊಡೆಯಿರಿ. ದೊಡ್ಡದಾದರೆ ಕಾರಿನ ಆಸೆ ಬಿಟ್ಟು ದೂರ ಹೋಗಿ.

ಪ್ರಶ್ನೆ: ಬ್ಲೋವರ್ 1, 2, 3ರಲ್ಲಿ ತಿರುಗುವುದಿಲ್ಲ. 4ರಲ್ಲಿ ಮಾತ್ರ ಜೋರಾಗಿ ತಿರುಗುತ್ತದೆ. ಅದಕ್ಕೆ ಮೊದಲು ಕೆಲವು ದಿನ ಸುಟ್ಟ ವಾಸನೆ ಇತ್ತು. ಎಸಿ ಕೆಟ್ಟಿದೆಯಾ?

ಉತ್ತರ: ಎಸಿ ಸರಿಯಾಗೇ ಇದೆ. ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಕಡಿಮೆ ವೇಗಗಳಲ್ಲಿ ಕರೆಂಟ್ ಅದರ ಮೂಲಕ ಹೋಗುತ್ತದೆ, ಕೊನೆಯ ವೇಗದಲ್ಲಿ ನೇರ ಮೋಟರಿಗೆ ಹೋಗುತ್ತದೆ. ರೆಸಿಸ್ಟರ್ ಸಣ್ಣ ಭಾಗ, ಬದಲಿಸುವುದು ಸುಲಭ. ಆದರೆ ಅದು ಯಾಕೆ ಸುಟ್ಟಿತು ಎಂದು ನೋಡಿಯೇ ಹೊಸದು ಹಾಕಿಸಿ. ಬ್ಲೋವರ್‌ನ ಗಾಳಿಯೇ ಅದನ್ನು ತಂಪು ಮಾಡಬೇಕು. ಎಸಿ ಫಿಲ್ಟರ್ ಧೂಳು ತುಂಬಿ ಗಾಳಿ ಬರದಿದ್ದರೆ ಅದು ಕಾಯುತ್ತದೆ. ಮೋಟರ್ ಬೇರಿಂಗ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆದರೂ ಹಾಗೇ. ಅದರ ಕಪ್ಲರ್ ಕರಗಿದ್ದರೆ ಅದನ್ನೂ ಬದಲಿಸಿ, ಕರಗಿದ್ದಕ್ಕೇ ಹೊಸ ರೆಸಿಸ್ಟರ್ ಚುಚ್ಚಬಾರದು.

ಪ್ರಶ್ನೆ: ಸರ್, ನಾನು ಹೊಸದಾಗಿ ಡ್ರೈವಿಂಗ್ ಕಲಿತವಳು. ಏರಿನಲ್ಲಿ ಟ್ರಾಫಿಕ್ ಸಿಕ್ಕಿಕೊಂಡು ನಿಂತು ನಿಂತು ಹೋಗಬೇಕಾಯಿತು. ಮೇಲೆ ತಲುಪುವ ಹೊತ್ತಿಗೆ ಸುಟ್ಟ ವಾಸನೆ. ‘ಕ್ಲಚ್ ಸುಟ್ಟುಬಿಟ್ಟೆ’ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಪೂರ್ತಿ ಹಾಳಾಯಿತಾ?

ಉತ್ತರ: ಇಲ್ಲಮ್ಮ, ಒಂದು ಸಲಕ್ಕೆ ಹಾಳಾಗುವುದಿಲ್ಲ. ಹಾಫ್ ಕ್ಲಚ್‌ನಲ್ಲಿ ಕಾರನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದಾಗ ಕ್ಲಚ್ ಪ್ಲೇಟ್ ಉಜ್ಜಿ ಕಾಯುತ್ತದೆ. ಅದರ ಮೇಲಿನ ಪದರದ ವಾಸನೆ ಅದು, ಸುಟ್ಟ ಕಾಗದದಂತೆ ಮೂಗಿಗೆ ಚುಚ್ಚುತ್ತದೆ. ಸ್ವಲ್ಪ ಸವೆದಿರುತ್ತದೆ, ನಿಜ. ಹೋಗಿದೆಯಾ ಎಂದು ತಿಳಿಯಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ 50 ಕಿಲೋಮೀಟರ್ ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು, ಆರ್‌ಪಿಎಂ ಮುಳ್ಳು ಒಮ್ಮೆಲೇ ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಒಟ್ಟಿಗೆ ನಿಧಾನವಾಗಿ ಏರಿದರೆ ಕ್ಲಚ್ ಚೆನ್ನಾಗಿದೆ.

ಮುಂದಿನ ಸಲ ಏರಿನಲ್ಲಿ ನಿಲ್ಲಬೇಕಾದರೆ ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಕ್ಲಚ್‌ನಿಂದ ಕಾಲು ತೆಗೆಯಿರಿ. ಹೊರಡುವಾಗ ಫಸ್ಟ್ ಗೇರ್, ಕ್ಲಚ್ ನಿಧಾನವಾಗಿ ಬಿಡುತ್ತ ಕಾರಿನ ಮುಂಭಾಗ ಸ್ವಲ್ಪ ಎದ್ದಂತೆ ಅನ್ನಿಸಿದಾಗ ಹ್ಯಾಂಡ್ ಬ್ರೇಕ್ ಇಳಿಸಿ. ಖಾಲಿ ಏರು ಒಂದರಲ್ಲಿ ಅಭ್ಯಾಸ ಮಾಡಿ, ಬೇಗ ಕೈಗೆ ಬರುತ್ತದೆ. ಮುಂದಿನ ಕಾರು ಒಂದಡಿ ಸರಿದ ಕೂಡಲೇ ನೀವೂ ಸರಿಯಬೇಕಿಲ್ಲ. ಸ್ವಲ್ಪ ಜಾಗ ಆಗಲಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಪ್ರಶ್ನೆ: ಮುಂದಿನ ಎಡ ಚಕ್ರದ ಹತ್ತಿರ ಸುಟ್ಟ ವಾಸನೆ. ಕಾರು ಎಡಕ್ಕೆ ಎಳೆಯುತ್ತದೆ. ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದೆ. ಕೆಲವು ತಿಂಗಳು ಸುಮ್ಮನಿತ್ತು, ಈಗ ಮತ್ತೆ ಶುರು. ಆ ಕಡೆಯ ಪ್ಯಾಡ್ ಮಾತ್ರ ಬೇಗ ಸವೆಯುತ್ತಿದೆ.

ಉತ್ತರ: ಆ ಚಕ್ರದ ಬ್ರೇಕ್ ಹಿಡಿದು ಬಿಡುತ್ತಿಲ್ಲ. ನೀವು ಹೇಳಿದ ಮೂರೂ ಲಕ್ಷಣ ಅದನ್ನೇ ತೋರಿಸುತ್ತವೆ. ಖಚಿತ ಮಾಡಿಕೊಳ್ಳಲು, ಆದಷ್ಟು ಬ್ರೇಕ್ ಹಾಕದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಎಡ ಮತ್ತು ಬಲ ಚಕ್ರದ ಹತ್ತಿರ ಅಂಗೈ ಹಿಡಿದು ಬಿಸಿ ಹೋಲಿಸಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಹೋಲಿಸಬೇಕಾದ್ದು ಎಡದ ಜೊತೆ ಬಲ. ಮುಂದಿನ ಚಕ್ರ ಹಿಂದಿನದಕ್ಕಿಂತ ಬಿಸಿ ಇರುವುದು ಸಹಜ.

ಪ್ಯಾಡ್ ಬದಲಿಸುವುದು ಸವೆದ ಚಪ್ಪಲಿ ಬದಲಿಸಿ ಕಾಲಿನ ಮುಳ್ಳು ಹಾಗೇ ಬಿಟ್ಟಂತೆ. ಕಾರಣ ಬೇರೆ ಕಡೆ ಇದೆ, ಮೂರು ಕಡೆ ಹುಡುಕಬೇಕು. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ಗಳು ಗ್ರೀಸ್ ಒಣಗಿ ತುಕ್ಕು ಹಿಡಿದಿರಬಹುದು. ಪಿಸ್ಟನ್‌ನ ಧೂಳು ತಡೆಯುವ ರಬ್ಬರ್ ಹರಿದು ಪಿಸ್ಟನ್ ಜಾಮ್ ಆಗಿರಬಹುದು. ಮೂರನೆಯದನ್ನು ತುಂಬ ಜನ ಮರೆಯುತ್ತಾರೆ: ರಬ್ಬರ್ ಬ್ರೇಕ್ ಹೋಸ್. ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಜೋರಿಗೆ ಆಯಿಲ್ ಒಳಗೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ.

ಬೇರ್ಪಡಿಸಿ ನೋಡುವುದು ಸುಲಭ. ಮೆಕ್ಯಾನಿಕ್ ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಲಿ. ಬಿಗಿಯಾಗಿದ್ದರೆ ಬ್ರೇಕ್ ಆಯಿಲ್ ಹೊರಗೆ ಬಿಡುವ ಬ್ಲೀಡಿಂಗ್ ನಿಪ್ಪಲ್ ಸ್ವಲ್ಪ ಸಡಿಲಿಸಲಿ. ಆಯಿಲ್ ಚಿಮ್ಮಿ ಚಕ್ರ ಹಗುರಾದರೆ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ, ಹೋಸ್ ಅಥವಾ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಬೇಕು. ಒಂದೇ ಚಕ್ರವಾದರೆ ಹೋಸ್ ಮೇಲೇ ಅನುಮಾನ ಜಾಸ್ತಿ. ನಿಪ್ಪಲ್ ಬಿಟ್ಟರೂ ಬಿಗಿಯಾಗೇ ಇದ್ದರೆ ಪಿನ್ ಅಥವಾ ಪಿಸ್ಟನ್.

ಇದನ್ನು ಮುಂದಕ್ಕೆ ಹಾಕಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಸೇರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಜಾಮ್ ಆದ ಚಕ್ರದಲ್ಲಿ ಅಷ್ಟು ಬಿಸಿ ಆಗುವುದು ಕಷ್ಟವಲ್ಲ. ಆಯಿಲ್ ಕುದ್ದು ಗುಳ್ಳೆಯಾದರೆ ಪೆಡಲ್ ನೆಲದ ತನಕ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕಾದ ಡಿಸ್ಕ್ ಮೇಲೆ ನೀರು ಮಾತ್ರ ಸುರಿಯಬೇಡಿ, ಬಿರುಕು ಬಿಡಬಹುದು.

ಉದ್ದ ಇಳಿಜಾರು ಇಳಿದ ಮೇಲೆ ನಾಲ್ಕೂ ಚಕ್ರದಿಂದ ವಾಸನೆ ಬಂತು ಎಂದು ಬರೆದಿರುವ ಇನ್ನೊಬ್ಬರಿಗೆ: ನಿಮ್ಮ ಬ್ರೇಕ್ ಕೆಟ್ಟಿಲ್ಲ, ಜಾಸ್ತಿ ಕಾದಿದೆ. ನಿಲ್ಲಿಸಿ ತಣ್ಣಗಾಗಲು ಬಿಡಿ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರ್‌ಗೆ ಇಳಿಸಿ, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳಲಿ.

ಪ್ರಶ್ನೆ: ಹೊಸ ಕಾರು. ತಂದ ವಾರದಿಂದ ಬಾನೆಟ್ ಕಡೆಯಿಂದ ಸಣ್ಣ ಸುಟ್ಟ ವಾಸನೆ. ವಾಪಸ್ ಕೊಡಬೇಕಾ?

ಉತ್ತರ: ಬೇಡ. ಎಕ್ಸಾಸ್ಟ್ ಮೇಲಿನ ಲೇಪ, ಕಾರಿನ ಅಡಿಗೆ ಹೊಡೆದ ತುಕ್ಕು ತಡೆಯುವ ಬಣ್ಣ ಬಿಸಿಗೆ ಹೀಗೆ ವಾಸನೆ ಬಿಡುತ್ತವೆ. ಕೆಲವು ನೂರು ಕಿಲೋಮೀಟರ್‌ನಲ್ಲಿ ಹೋಗುತ್ತದೆ. ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಅಥವಾ ಪ್ಲಾಸ್ಟಿಕ್ ವಾಸನೆಯಾದರೆ ಶೋರೂಮಿಗೆ ಹೋಗಿ, ಬರವಣಿಗೆಯಲ್ಲಿ ದೂರು ಕೊಡಿ.

ಪ್ರಶ್ನೆ: ನಮ್ಮದು ಡೀಸೆಲ್ ಕಾರು. ಆಗಾಗ ನಿಲ್ಲಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತದೆ, ಕೆಳಗಿನಿಂದ ಕಾದ ಲೋಹದ ವಾಸನೆ.

ಉತ್ತರ: ಡಿಪಿಎಫ್ ಇರುವ ಕಾರಾದರೆ ಇದು ಸಹಜ. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. ತುಂಬಿದಾಗ ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ನೀವು ನಡುವೆಯೇ ಆಫ್ ಮಾಡುತ್ತಿದ್ದೀರಿ. ಆ ಲಕ್ಷಣ ಕಂಡಾಗ ಸಾಧ್ಯವಾದರೆ ಇನ್ನೊಂದಿಷ್ಟು ದೂರ ಓಡಿಸಿ ಮುಗಿಯಲು ಬಿಡಿ. ಒಣ ಹುಲ್ಲು, ತರಗೆಲೆ ಮೇಲೆ ಮಾತ್ರ ನಿಲ್ಲಿಸಬೇಡಿ. ಪದೇ ಪದೇ ಅರ್ಧಕ್ಕೆ ನಿಂತರೆ ಉರಿಯದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲೇರಿದ್ದು ಕಂಡರೆ ಬದಲಿಸಬೇಕು.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಅದರಲ್ಲೂ ಸುಟ್ಟ ವಾಸನೆ ಬಂದರೆ ಏನರ್ಥ?

ಉತ್ತರ: ಮನೆಯಲ್ಲಿ ಚಾರ್ಜ್ ಮಾಡುವಾಗ ಬಂದರೆ ಮೊದಲು ಗೋಡೆಯ ಸಾಕೆಟ್ ನೋಡಿ. ಗಂಟೆಗಟ್ಟಲೆ ಜಾಸ್ತಿ ಕರೆಂಟ್ ಹರಿಯುವ ಕಡೆ ಪ್ಲಗ್ ಸ್ವಲ್ಪ ಸಡಿಲವಿದ್ದರೂ ಕಾದು ಕರಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಸಾಕೆಟ್ ಬದಲಿಸಿ, ಕಾರಿಗೆಂದೇ ಬೇರೆ ಲೈನ್ ಎಳೆಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಚಕ್ರದಿಂದ ಬಂದರೆ ಬ್ರೇಕ್. ಇಂಥ ಕಾರಿನಲ್ಲಿ ಮೋಟರೇ ವೇಗ ತಗ್ಗಿಸುವುದರಿಂದ ಬ್ರೇಕ್ ಬಳಕೆ ಕಡಿಮೆ, ಪಿನ್‌ಗಳು ತುಕ್ಕು ಹಿಡಿದು ಜಾಮ್ ಆಗುತ್ತವೆ. ಹಾಗಾಗಿ ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಮಾಡಿಸಿ.

ಆದರೆ ಕಾರಿನ ಅಡಿಯಿಂದ ಬಣ್ಣದ ಥಿನ್ನರ್‌ನಂಥ ಸಿಹಿ ವಾಸನೆ, ಬುಸ್ ಎನ್ನುವ ಅಥವಾ ಪಟಪಟ ಸದ್ದು, ಬಿಳಿ ಹೊಗೆ ಬಂದರೆ ಅದು ಬ್ಯಾಟರಿ. ಏನನ್ನೂ ಹುಡುಕಬೇಡಿ, ಸಾಮಾನು ತೆಗೆಯಲು ಹಿಂದಿರುಗಬೇಡಿ. ಎಲ್ಲರೂ ಇಳಿದು, ಗಾಳಿ ಬೀಸುವ ಕಡೆ ನೋಡಿ, ಹೊಗೆ ತಾಗದಷ್ಟು ದೂರ ಹೋಗಿ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವಾಗ ‘ಎಲೆಕ್ಟ್ರಿಕ್ ಕಾರು’ ಎಂದು ತಪ್ಪದೆ ಹೇಳಿ. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್.

ಪ್ರಶ್ನೆ: ಒಂದು ತಿಂಗಳು ಕಾರು ತೆಗೆದಿರಲಿಲ್ಲ. ಮೊನ್ನೆ ಓಡಿಸಿದರೆ ಸೌದೆ, ಬಟ್ಟೆ ಸುಟ್ಟಂಥ ವಾಸನೆ.

ಉತ್ತರ: ಮತ್ತೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ತೆಗೆದು ನೋಡಿ. ಇಲಿ ಗೂಡು ಕಟ್ಟಿರುವ ಸಾಧ್ಯತೆ ಜಾಸ್ತಿ. ಒಣ ಎಲೆ, ಕಾಗದ, ಬಟ್ಟೆ ಚೂರು, ಬಾನೆಟ್ ಒಳಗಿನ ಹಾಸಿನಿಂದ ಕಿತ್ತ ಹತ್ತಿ ಎಲ್ಲವನ್ನೂ ತಂದು ಎಂಜಿನ್ ಮೇಲೆ, ಬ್ಯಾಟರಿ ಪಕ್ಕ, ಏರ್ ಫಿಲ್ಟರ್ ಡಬ್ಬಿಯ ಒಳಗೆ ಸೇರಿಸುತ್ತದೆ. ಅದು ಮ್ಯಾನಿಫೋಲ್ಡ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಗೂಡು ತೆಗೆದರೆ ಮುಗಿಯಿತು ಎಂದು ಬಿಡಬೇಡಿ. ಎಲ್ಲ ವೈರುಗಳ ಮೇಲೆ ಟಾರ್ಚ್ ಬಿಟ್ಟು ಕಚ್ಚಿದ ಗುರುತು ಹುಡುಕಿ. ತಾಮ್ರ ಕಾಣುವ ವೈರ್ ಒಂದಿದ್ದರೂ ಎಲೆಕ್ಟ್ರಿಷಿಯನ್ ನೋಡುವ ತನಕ ಓಡಿಸಬೇಡಿ. ಗೂಡು ಸಿಗದಿದ್ದರೆ ಕಾರಿನ ಅಡಿ ನೋಡಿ. ಸೈಲೆನ್ಸರ್ ಪೈಪಿಗೆ ಪ್ಲಾಸ್ಟಿಕ್ ಚೀಲವೋ ಬಟ್ಟೆಯೋ ಸುತ್ತಿಕೊಂಡು ಕರಗಿರುವುದೂ ಉಂಟು. ತಣ್ಣಗಾದ ಮೇಲೆ ಕೆರೆದು ತೆಗೆಯಬಹುದು.

ಪ್ರಶ್ನೆ: ನನಗೆ ವಾಸನೆ ಬರುತ್ತದೆ. ಗ್ಯಾರೇಜಿಗೆ ಹೋದರೆ ಬರುವುದಿಲ್ಲ. ‘ನಿಮ್ಮ ಭ್ರಮೆ’ ಎನ್ನುತ್ತಾರೆ. ಪರ್ಫ್ಯೂಮ್ ಇಟ್ಟು ಸುಮ್ಮನಾಗಲಾ?

ಉತ್ತರ: ದಯವಿಟ್ಟು ಪರ್ಫ್ಯೂಮ್ ತೆಗೆಯಿರಿ. ವಾಸನೆ ಹಿಡಿದೇ ನಾವು ಜಾಗ ಹುಡುಕಬೇಕು, ಅದನ್ನೇ ಮುಚ್ಚಿದರೆ ಹೇಗೆ? ದಿನಾ ಆ ಕಾರಿನಲ್ಲಿ ಕೂರುವವರು ನೀವು, ಬದಲಾವಣೆ ಮೊದಲು ತಿಳಿಯುವುದು ನಿಮಗೇ. ನಿಮ್ಮ ಮೂಗನ್ನು ನಂಬಿ.

ಮೊಬೈಲಿನಲ್ಲಿ ಬರೆದುಕೊಳ್ಳುತ್ತ ಹೋಗಿ. ಓಡಿಸಿ ಎಷ್ಟು ಹೊತ್ತಿಗೆ ಬಂತು? ಏರಾ, ಇಳಿಜಾರಾ, ನಿಂತಾಗಲಾ? ಆಗ ಎಸಿ, ಲೈಟ್, ಚಾರ್ಜರ್ ಯಾವುದು ಆನ್ ಇತ್ತು? ಒಳಗಾ, ಹೊರಗಾ, ಯಾವ ಚಕ್ರದ ಹತ್ತಿರ? ಎಸಿ ಹಾಕಿದಾಗ ಮಾತ್ರ ಕೀಚ್ ಸದ್ದಿನ ಜೊತೆ ರಬ್ಬರ್ ವಾಸನೆ ಎಂದು ಬರೆದ ಒಂದು ಸಾಲು ಮೆಕ್ಯಾನಿಕ್‌ನನ್ನು ನೇರ ಫ್ಯಾನ್ ಬೆಲ್ಟ್, ಎಸಿ ಕಂಪ್ರೆಸರ್ ಹತ್ತಿರ ಕರೆದೊಯ್ಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಎಂದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆಯಾ ಎಂದು ಮೀಟರ್ ಇಡಬೇಕು. ಎಂಜಿನ್ ಓಡುವಾಗ 15 ವೋಲ್ಟ್ ದಾಟಿದರೆ ಚಾರ್ಜ್ ಹತೋಟಿಯಲ್ಲಿಡುವ ಆಲ್ಟರ್ನೇಟರ್ ರೆಗ್ಯುಲೇಟರ್ ಕೆಟ್ಟಿದೆ. ಸಿಹಿ ವಾಸನೆ, ಒಳಗಾಜಿನ ಮೇಲೆ ಜಿಡ್ಡಿನ ಮಂಜು ಎಂದರೆ ಹೀಟರ್ ಹತ್ತಿರ ಎಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲೆಂಟ್, ಸೋರುತ್ತಿದೆ.

ಗ್ಯಾರೇಜಿಗೆ ಕಾರು ಬಿಟ್ಟು ಬರಬೇಡಿ. ಬೆಳಿಗ್ಗೆ ಬಿಟ್ಟ ಕಾರನ್ನು ಅವರು ನೋಡುವ ಹೊತ್ತಿಗೆ ಎಂಜಿನ್ ತಣ್ಣಗಿರುತ್ತದೆ. ವಾಸನೆ ಬರುವಂಥ ರಸ್ತೆಯಲ್ಲಿ ಓಡಿಸಿಕೊಂಡೇ ಹೋಗಿ, ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಸುತ್ತು ಹಾಕಿ. ಏನಾದರೂ ಬದಲಿಸಿದರೆ ಹಳೆಯದನ್ನು ಕೇಳಿ ನೋಡಿ. ಸುಟ್ಟ ಭಾಗದಲ್ಲಿ ಸುಟ್ಟ ಗುರುತು ಇರಲೇಬೇಕು. ಇಷ್ಟೆಲ್ಲ ಮಾಡಿಯೂ ಸಿಗದಿದ್ದರೆ, ನೀವು ಬರೆದುಕೊಂಡದ್ದನ್ನು ಕಾರಿನ ವಯಸ್ಸು, ಓಡಿದ ಕಿಲೋಮೀಟರ್, ಆಮೇಲೆ ಹಾಕಿಸಿದ ವಸ್ತುಗಳ ಪಟ್ಟಿಯ ಜೊತೆ ನನಗೆ ಕಳಿಸಿ. ಮುಂದಿನ ಅಂಕಣದಲ್ಲಿ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.